ತಾಯಿ ಸೀಸೆಯ ಕೀಲಿ

ಕಾಗದದ ಮೇಲೆ ಅವರು ನನ್ನ ಕೈಕೆಳಗಿನವರು. ನನ್ನ ನೇಮಕಾತಿ ಪತ್ರದಲ್ಲಿ ‘ಸೂಕ್ಷ್ಮಜೀವಿ ವಿಜ್ಞಾನಿ’ ಎಂದು ಬರೆದಿತ್ತು, ಅವರದರಲ್ಲಿ ‘ಕಿರಿಯ ತಂತ್ರಜ್ಞೆ’. ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ನಾಲ್ಕು, ಆ ಕಿರಿಯರಿಗೆ ಐವತ್ತೆರಡು. ಈ ಹಿರಿಕಿರಿತನವನ್ನು ಯಾವ ಪುಣ್ಯಾತ್ಮ ನಿರ್ಧರಿಸಿದನೋ ಗೊತ್ತಿಲ್ಲ. ಆರು ವರ್ಷ ನಾನು ಅವರ ಕೈಕೆಳಗೆ ಕೆಲಸ ಮಾಡಿದೆ ಎಂದೇ ಕೇಳಿದವರಿಗೆಲ್ಲ ಹೇಳುತ್ತೇನೆ. ಸಂಕೋಚದಿಂದಲ್ಲ, ಜಂಬದಿಂದಲೇ ಹೇಳುತ್ತೇನೆ.

ಕಳೆದ ತಿಂಗಳು ಅವರು ನಿವೃತ್ತರಾದರು. ನಿಮ್ಮ ಬಗ್ಗೆ ಒಂದು ಲೇಖನ ಬರೆಯುತ್ತೇನೆ ಅಕ್ಕಾ ಎಂದಾಗ ಮೊದಲು ನಕ್ಕರು, ಆಮೇಲೆ ಹೆಸರು ಹಾಕುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡರು. “ಹೆಸರು ಹಾಕಬೇಕಂದ್ರ ಆ ಕೋಳೀದು ಹಾಕು. ನಂದೇನೈತಿ ಅದರಾಗ?” ಎಂದರು. ಕೋಳಿಯ ಹೆಸರು ನನಗೆ ಗೊತ್ತಿಲ್ಲ. ಆದ್ದರಿಂದ ಇಲ್ಲಿ ಇಬ್ಬರ ಹೆಸರೂ ಇಲ್ಲ.

ನಮ್ಮ ಲ್ಯಾಬು ಇರುವುದು ಪೀಣ್ಯದಲ್ಲಿ, ಒಂದು ಲೇಥ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ. ಪಕ್ಕದ ಶೆಡ್ಡಿನ ಪವರ್ ಪ್ರೆಸ್ ಒಂದು ಏಟು ಹಾಕಿದರೆ ನಮ್ಮ ಬೀಕರಿನ ನೀರು ನಡುಗುತ್ತದೆ. ಇಂಥ ಜಾಗದಲ್ಲಿ ಕೂತು ನಾವು ಕೋಳಿಮರಿಗಳ ಹೊಟ್ಟೆಗೆ ಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸಿ, ಒಣಗಿಸಿ, ಪುಡಿ ಮಾಡಿ ಕೊಡುತ್ತೇವೆ. ಮರಿಗಳು ಕುಡಿಯುವ ನೀರಿಗೆ ಆ ಪುಡಿ ಬೆರೆಸುತ್ತಾರೆ. ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವುದಿಲ್ಲವೇ, ಹಾಗೆ ನಮ್ಮ ಬ್ಯಾಕ್ಟೀರಿಯಾ ಮೊದಲೇ ಹೋಗಿ ಕರುಳಿನಲ್ಲಿ ಜಾಗ ಹಿಡಿದರೆ ರೋಗದ ಬ್ಯಾಕ್ಟೀರಿಯಾಕ್ಕೆ ಕೂರಲು ಜಾಗ ಸಿಗುವುದಿಲ್ಲ. ಇಷ್ಟೇ ವ್ಯಾಪಾರ. ಕಷ್ಟವೆಲ್ಲ ಇರುವುದು ಆ ಕೂರುವುದರಲ್ಲಿ.

ಅವರು ಗದಗ ಕಡೆಯವರು. ಅಲ್ಲಿಯೇ ಬಿ.ಎಸ್ಸಿ. ಮುಗಿಸಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರನ್ನು ಮದುವೆಯಾಗಿ ಇಲ್ಲಿಗೆ ಬಂದರು. ರಾಜಗೋಪಾಲನಗರದ ಮನೆಯಿಂದ ಲ್ಯಾಬಿಗೆ ದಿನವೂ ನಡೆದೇ ಬರುತ್ತಿದ್ದರು. ಹಣೆಯಲ್ಲಿ ವಿಭೂತಿ, ಇಳಕಲ್ ಸೀರೆಯ ಮೇಲೆ ಬಿಳಿ ಕೋಟು, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ತಿಂದವರಲ್ಲ. ಹೊಸಬರು ಬಂದಾಗ ಒಂದು ಮಾತು ತಪ್ಪದೆ ಹೇಳುತ್ತಿದ್ದರು: “ನಾ ತತ್ತಿ ಸೈತ ಮುಟ್ಟಿಲ್ರಿ. ಆದ್ರ ಕೋಳಿ ಹೊಟ್ಟ್ಯಾಗ ಏನೈತಿ ಅನ್ನೂದು ನನ್ನ ಕೇಳ್ರಿ.” ಬೆಳಗ್ಗೆ ಮನೆಯಲ್ಲಿ ಲಿಂಗಪೂಜೆ ಮುಗಿಸಿ ಬಂದವರು ಹತ್ತು ಗಂಟೆಗೆ ಕೋಳಿ ಹಿಕ್ಕೆಯ ಡಬ್ಬಿಗಳ ಮುಂದೆ ಕೂರುತ್ತಿದ್ದರು. ಎರಡು ಕೆಲಸಕ್ಕೂ ಮುಖದಲ್ಲಿ ಒಂದೇ ಗಾಂಭೀರ್ಯ.

ಪ್ಲೇಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಅವರು ಎಣಿಸುವಾಗ ಲ್ಯಾಬಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಎಡಗೈಯಲ್ಲಿ ಪ್ಲೇಟು ತಲೆಕೆಳಗಾಗಿ, ಬಲಗೈಯಲ್ಲಿ ಮಾರ್ಕರ್ ಪೆನ್ನು, ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ನಮ್ಮ ಮಾಲೀಕರೇ ಫೋನು ಹಿಡಿದುಕೊಂಡು ಒಳಗೆ ಬಂದರೂ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಎಣಿಕೆ ಮುಗಿದ ಮೇಲೆ ಮಾಲೀಕರು ಅಕ್ಕನ ಧಾಟಿಯಲ್ಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: “ಕೂತಾವೇನಕ್ಕಾ?” ಅಕ್ಕನ ಉತ್ತರವೂ ಚುಟುಕು. “ಕೂತಾವ್ರಿ” ಅಥವಾ “ಇಲ್ರಿ, ಎದ್ದ ಹೋಗ್ಯಾವ.”

ಮೇಲೆ ಹೇಳಿದ ಕೋಳಿಯ ಕತೆ ಇಷ್ಟು. ಲ್ಯಾಬು ಶುರುವಾದ ಹೊಸದರಲ್ಲಿ, ಗಟ್ಟಿಮುಟ್ಟಾದ ನಾಟಿ ಕೋಳಿಯ ಕರುಳಿನ ಬ್ಯಾಕ್ಟೀರಿಯಾ ಬೇಕು ಎಂದು ಮಾಲೀಕರು ಹೇಳಿದರಂತೆ. ಅಕ್ಕ ತಮ್ಮ ಬೀದಿಯಲ್ಲೇ ಕಸದ ಗುಡ್ಡೆ ಕೆದಕುತ್ತಿದ್ದ ಒಂದು ಕೆಂಪು ಕೋಳಿಯನ್ನು ಆರಿಸಿ, ಸ್ಟೆರೈಲ್ ಚಮಚ ಮತ್ತು ಡಬ್ಬಿ ಹಿಡಿದು ಅರ್ಧ ದಿನ ಅದರ ಹಿಂದೆ ತಿರುಗಿದರಂತೆ. ಓಣಿಯ ಹೆಂಗಸರು, ಫಿಟ್ಟರ್ ಹೆಂಡತಿಗೆ ಏನೋ ಆಗಿದೆ ಎಂದು ಅವರ ಗಂಡನಿಗೆ ಫೋನು ಮಾಡಿದರಂತೆ. ಆ ಅರ್ಧ ದಿನದ ಫಲವೇ ಇವತ್ತಿಗೂ ನಾವು ಮಾರುತ್ತಿರುವ ತಳಿ. ಅದನ್ನು ಸಣ್ಣ ಸೀಸೆಗಳಲ್ಲಿ ತುಂಬಿ, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ, ಒಂದು ಸ್ಟೀಲ್ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಪೆಟ್ಟಿಗೆಯ ಮೇಲೆ ಅವರ ದುಂಡು ಅಕ್ಷರದಲ್ಲಿ ಒಂದೇ ಪದ: ತಾಯಿ.

ಫ್ರೀಜರಿನ ಕೀಲಿ ಒಂದು ಸೇಫ್ಟಿ ಪಿನ್ನಿಗೆ ಸಿಕ್ಕಿಸಿಕೊಂಡು ಅವರ ಸೆರಗಿನಲ್ಲಿರುತ್ತಿತ್ತು. ಫ್ರೀಜರಿನ ಪಕ್ಕದಲ್ಲಿ ಒಂದು ರಿಜಿಸ್ಟರು. ನಿಯಮ ಸರಳ: ಪ್ರತಿ ಸೋಮವಾರ ಪೆಟ್ಟಿಗೆಯಿಂದ ಒಂದು ಸೀಸೆ ತೆಗೆದು ಹೊಸ ಫ್ಲಾಸ್ಕು ಶುರು ಮಾಡಬೇಕು, ಹಿಂದಿನ ವಾರದ್ದನ್ನು ಎಷ್ಟೇ ಚೆನ್ನಾಗಿದ್ದರೂ ಎಸೆಯಬೇಕು, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ನಾನು ಸೇರಿದ ಎರಡನೇ ವರ್ಷ ಅವರು ಮೊಣಕಾಲಿನ ಆಪರೇಷನ್‌ಗೆಂದು ಊರಿಗೆ ಹೊರಟಾಗ ಆ ಪಿನ್ನನ್ನು ನನ್ನ ಕೈಗೆ ಕೊಟ್ಟರು. “ಸೋಮವಾರಕ್ಕೊಮ್ಮಿ, ಮರೀಬ್ಯಾಡ್ರಿ ಮೇಡಂ,” ಎಂದರು. ಆಗ ಅವರು ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದರು.

ಮೊದಲ ಎರಡು ಸೋಮವಾರ ಮರೆಯಲಿಲ್ಲ. ಮೂರನೆಯದರಿಂದ ಸೋಮಾರಿತನ ಶುರುವಾಯಿತು. ಫ್ರೀಜರಿನಿಂದ ಬಂದ ಬ್ಯಾಕ್ಟೀರಿಯಾ ಮೈ ಬಿಚ್ಚಿ ಬೆಳೆಯಲು ಇಡೀ ದಿನ ತೆಗೆದುಕೊಳ್ಳುತ್ತದೆ. ನಿನ್ನೆಯ ಫ್ಲಾಸ್ಕಿನಿಂದ ಒಂದು ಹನಿ ಹಾಕಿದರೆ ಮಧ್ಯಾಹ್ನದೊಳಗೆ ಸಿದ್ಧ. ನಮ್ಮಮ್ಮ ಮನೆಯಲ್ಲಿ ನಿನ್ನೆಯ ಮೊಸರಿನಿಂದಲೇ ಇವತ್ತಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೇ? ಇದಕ್ಕೇನು ಬಂತು ದೊಡ್ಡಸ್ತಿಕೆ ಎಂದುಕೊಂಡೆ. ಅಕ್ಕ ಮರಳಿ ಬರುವವರೆಗೆ ಹದಿನಾಲ್ಕು ವಾರ, ನಿನ್ನೆಯದರಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು. ರಿಜಿಸ್ಟರಿನಲ್ಲಿ ಸುಳ್ಳು ಬರೆಯಲು ಧೈರ್ಯ ಸಾಲದೆ ಸೋಮವಾರದ ಸಾಲುಗಳನ್ನು ಖಾಲಿ ಬಿಟ್ಟೆ.

ತಮಾಷೆ ಎಂದರೆ, ಬ್ಯಾಕ್ಟೀರಿಯಾ ವಾರದಿಂದ ವಾರಕ್ಕೆ ಇನ್ನೂ ಬೇಗ ಬೆಳೆಯತೊಡಗಿತು. ಮಾಲೀಕರು ಫ್ಲಾಸ್ಕು ಎತ್ತಿ ನೋಡಿ, “ಏನ್ ಮೇಡಂ, ಸಕ್ಕತ್ತಾಗಿ ಬಂದಿದೆ! ಏನ್ ಮ್ಯಾಜಿಕ್ ಮಾಡಿದ್ರಿ?” ಎಂದರು. ನಾನೂ ಮ್ಯಾಜಿಕ್ ಮಾಡಿದವಳ ಹಾಗೆ ನಕ್ಕೆ.

ಅದೇ ಹೊತ್ತಿಗೆ ನೆಲಮಂಗಲದ ಆಚೆಯ ಕೋಳಿ ಫಾರ್ಮಿನಿಂದ ಕೆಟ್ಟ ಸುದ್ದಿ ಬಂತು. ಪ್ರಯೋಗಕ್ಕೆಂದು ನಮ್ಮ ಪುಡಿ ಬೆರೆಸಿದ ನೀರು ಕುಡಿಸಿದ ಮರಿಗಳ ಹಿಕ್ಕೆಯಲ್ಲಿ ಮೂರನೇ ದಿನ ನಮ್ಮ ಬ್ಯಾಕ್ಟೀರಿಯಾ ಇತ್ತು, ಏಳನೇ ದಿನ ಒಂದೂ ಇರಲಿಲ್ಲ. ಎರಡನೇ ಬಾರಿಗೂ ಹಾಗೆಯೇ ಆಯಿತು. ಪುಡಿ ಕೊಳ್ಳುವ ಕಂಪನಿಯವರು ಶೆಡ್ಡು ನೋಡಿಕೊಳ್ಳುತ್ತಿದ್ದವನನ್ನು ಹಿಡಿದರು. ಯಾದಗಿರಿ ಕಡೆಯವನು, ಹೆಂಡತಿಯೊಂದಿಗೆ ಶೆಡ್ಡಿನ ಪಕ್ಕದ ಕೋಣೆಯಲ್ಲೇ ವಾಸ. ಅವನು ನೀರಿಗೆ ಕ್ಲೋರಿನ್ ಹಾಕಿ ನಮ್ಮ ಬ್ಯಾಕ್ಟೀರಿಯಾ ಸಾಯಿಸಿದ್ದಾನೆ ಎಂದು ಆರೋಪ. ನಮ್ಮ ಮಾಲೀಕರಿಗೂ ಅದೇ ಅನುಕೂಲದ ಮಾತಾಗಿತ್ತು. ತಿಂಗಳ ಕೊನೆಗೆ ಕೋಣೆ ಬಿಡಬೇಕೆಂದು ಅವನಿಗೆ ಹೇಳಿಯೂ ಆಗಿತ್ತು.

ಇಂಥ ಹೊತ್ತಿನಲ್ಲಿ ಅಕ್ಕ ಒಂದು ಕೋಲು ಊರಿಕೊಂಡು ಕೆಲಸಕ್ಕೆ ಬಂದರು. ಚಪ್ಪಲಿ ಬಿಟ್ಟು, ಕೋಟು ಹಾಕಿ, ಮೊದಲು ರಿಜಿಸ್ಟರು ತೆಗೆದರು. ಖಾಲಿ ಸಾಲುಗಳ ಮೇಲೆ ಬೆರಳು ಓಡಿಸಿದರು. ಬೈಯಲಿಲ್ಲ. ಇನ್ಕ್ಯುಬೇಟರಿನಿಂದ ನನ್ನ ಫ್ಲಾಸ್ಕನ್ನು ಎತ್ತಿ ಬೆಳಕಿಗೆ ಹಿಡಿದು, “ಇದು ಭಾಳ ಓಡಾಕತ್ತೈತಿ,” ಎಂದಷ್ಟೇ ಹೇಳಿದರು. ಲ್ಯಾಬಿನಲ್ಲಿ ಆ ಫ್ಲಾಸ್ಕು ನೋಡಿ ಖುಷಿಪಡದವರು ಅವರೊಬ್ಬರೇ. ಆಮೇಲೆ ನನ್ನಿಂದ ಫ್ರೀಜರು ತೆರೆಸಿ ಒಂದು ತಾಯಿ ಸೀಸೆ ತೆಗೆದುಕೊಂಡರು.

ಎರಡು ದಿನ ಕಳೆದು ಬೆಳಗ್ಗೆ ನನ್ನ ಮೇಜಿನ ಮೇಲೆ ಎರಡು ಪ್ಲೇಟುಗಳಿದ್ದವು. ಎರಡನ್ನೂ, ಕೋಳಿಯ ಜಠರದಷ್ಟು ಹುಳಿಯಾದ ದ್ರವದಲ್ಲಿ ಒಂದು ಗಂಟೆ ಇಟ್ಟ ಬ್ಯಾಕ್ಟೀರಿಯಾದಿಂದ ಬೆಳೆಸಿದ್ದರು. ‘ತಾಯಿ’ ಎಂದು ಬರೆದದ್ದರಲ್ಲಿ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು. ‘ಮೇಡಂ’ ಎಂದು ಬರೆದದ್ದರಲ್ಲಿ ಎಣಿಸಿ ನಾಲ್ಕು. ನಾನು ತಲೆ ಎತ್ತಿದಾಗ ಅವರು ಎದುರಿಗೆ ಸ್ಟೂಲು ಎಳೆದುಕೊಂಡು ಕೂತಿದ್ದರು.

“ನಮ್ಮ ಫ್ಲಾಸ್ಕಿನ್ಯಾಗ ಇದಕ್ಕ ಏನ್ ತ್ರಾಸೈತಿ ಹೇಳ್ರಿ ಮೇಡಂ? ಹೊಟ್ಟಿ ತುಂಬ ಊಟ, ಬೆಚ್ಚಗ ಮನಿ. ತ್ರಾಸಿನ ಕಾಲಕ್ಕ ಬೇಕಂತ ಒಂದ್ ಗಂಟ ಕಟಕೊಂಡಿರತೈತಲ್ರಿ, ಅದನ್ನ ಹೊತಗೊಂಡಿದ್ದು ಹಿಂದ ಬೀಳತೈತಿ, ಒಗದದ್ದು ಮುಂದ ಓಡತೈತಿ. ದಿನಾ ನೀವು ಮುಂದ ಓಡಿದ್ದನ್ನ ಆರಿಸೀರಿ. ಕೋಳಿ ಹೊಟ್ಟ್ಯಾಗ ಹ್ವಾದ್ರ ಹುಳಿ, ಪಿತ್ತ, ಉರಿ. ಅಲ್ಲಿ ಗಂಟ ಬಿಚ್ಚೂಣಂದ್ರ ಗಂಟ ಎಲ್ಲೈತಿ?”

ಎಂ.ಎಸ್ಸಿ.ಯಲ್ಲಿ ಇದನ್ನೇ ನಾನು ದೊಡ್ಡ ದೊಡ್ಡ ಪದಗಳಲ್ಲಿ ಓದಿ ಪಾಸಾಗಿದ್ದೆ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಲ್ಯಾಬಿಗೆ ಎರಡೂ ಸ್ಯಾಂಪಲ್ ಕಳಿಸಿ ಜೀನುಗಳನ್ನು ಓದಿಸಿದೆವು. ಹುಳಿ, ಶಾಖ, ಹಸಿವು ಬಂದಾಗ ಬ್ಯಾಕ್ಟೀರಿಯಾದ ರಕ್ಷಣೆಯ ಜೀನುಗಳನ್ನೆಲ್ಲ ಎಬ್ಬಿಸುವ ಒಂದು ಮುಖ್ಯ ಜೀನ್ ಇರುತ್ತದೆ. ತಾಯಿ ಸೀಸೆಯಲ್ಲಿ ಅದು ಸರಿಯಾಗಿತ್ತು. ನನ್ನ ಫ್ಲಾಸ್ಕಿನಲ್ಲಿ ಅದು ಮುರಿದಿತ್ತು. ಕ್ಲೋರಿನ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಎಬ್ಬಿಸುವ ಜೀನೇ ಇಲ್ಲದೆ ಮರಿಗಳ ಕರುಳಿಗೆ ಇಳಿದ ನನ್ನ ಬ್ಯಾಕ್ಟೀರಿಯಾ ನಾಲ್ಕು ದಿನ ಒದ್ದಾಡಿ ಹಿಕ್ಕೆಯ ಜೊತೆ ಹೊರಟುಹೋಗಿತ್ತು.

ಆ ವರದಿ ಬಂದ ದಿನ ನಾನು ಆಡಿದ ಮಾತು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. “ಅಕ್ಕಾ, ಇವತ್ತೇ ತಾಯಿ ಸೀಸೆಯಿಂದ ಶುರು ಮಾಡ್ಬಿಡೋಣ. ಮುಂದಿನ ಬ್ಯಾಚ್ ಸರಿ ಹೋಗುತ್ತೆ. ಯಾರಿಗೂ ಗೊತ್ತಾಗಲ್ಲ.”

“ಶುರು ಮಾಡೂಣ್ರಿ. ಆ ಶೆಡ್ಡಿನಾಂವ ಏನ್ ಮಾಡ್ಯಾನ?”

ಅವರು ರಿಜಿಸ್ಟರು ತೆಗೆದು ಖಾಲಿ ಸಾಲುಗಳ ಪುಟವನ್ನು ನನ್ನ ಮುಂದೆ ಇಟ್ಟು, ಪಕ್ಕದಲ್ಲಿ ಪೆನ್ನು ಇಟ್ಟರು.

“ಬರೀರಿ.”

“ಬರೆದ್ರೆ ನನ್ನ ಕೆಲಸ ಹೋಗುತ್ತೆ ಅಕ್ಕಾ.”

“ಹೋಗಬಹುದ್ರಿ,” ಎಂದರು. “ಹೋಗಂಗಿಲ್ಲಂತ ನಾ ಯಾಕ ಸುಳ್ಳ ಹೇಳ್ಲಿ?”

ಸಮಾಧಾನದ ಒಂದು ಮಾತು ಅವರ ಬಾಯಿಂದ ಬರಬಹುದೆಂದು ಕಾದೆ. ಬರಲಿಲ್ಲ. ನಾನು ಬರೆಯುವುದನ್ನು ನೋಡುತ್ತಾ ನಿಲ್ಲಲೂ ಇಲ್ಲ. ಕೋಲು ಊರಿಕೊಂಡು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಕಡೆ ಹೋಗಿಬಿಟ್ಟರು. ಅತ್ತುಕೊಂಡೇ ಬರೆದೆ: ‘ಹದಿನಾಲ್ಕು ವಾರ ತಾಯಿ ಸೀಸೆ ತೆಗೆದಿಲ್ಲ. ಹಿಂದಿನ ದಿನದ ಫ್ಲಾಸ್ಕಿನಿಂದಲೇ ಬೆಳೆಸಲಾಗಿದೆ. ಫಾರ್ಮಿನ ಎರಡೂ ಪ್ರಯೋಗ ಕೆಟ್ಟದ್ದು ಇದರಿಂದ. ತಪ್ಪು ನನ್ನದು.’ ಕೆಳಗೆ ಸಹಿ ಹಾಕಿದೆ. ಸಹಿಯ ಬಾಲ ಒದ್ದೆಯಾಗಿ ಹರಡಿಕೊಂಡಿತು.

ಪುಟ ನೋಡಿ ಮಾಲೀಕರು ಮೊದಲು ನನ್ನ ಮೇಲೆ ಕೂಗಾಡಿದರು. ಅದು ನ್ಯಾಯವೇ. ಆಮೇಲೆ ತಲೆಗೆ ಕೈ ಹೊತ್ತು ಕೂತು, “ಇದನ್ನ ಕಂಪನಿಯವರಿಗೆ ತೋರಿಸಿದ್ರೆ ಆರ್ಡರ್ ಹೋಗುತ್ತೆ ಅಕ್ಕಾ,” ಎಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕ, “ತೋರಸ್ಲಿಲ್ಲಂದ್ರ ಒಬ್ಬ ಮನಷ್ಯಾ ಬೀದಿಗಿ ಬರತಾನ್ರಿ,” ಎಂದರು. ಮಾಲೀಕರು ಪುಟವನ್ನು ಇನ್ನೊಮ್ಮೆ ಓದಿ, ಕಂಪನಿಗೆ ಫೋನು ಮಾಡಿದರು. ಅವರ ಬಗ್ಗೆಯೂ ನನಗೆ ಗೌರವವಿದೆ, ಇಲ್ಲಿ ಹೇಳಿಬಿಡುತ್ತೇನೆ. ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟರು. ಶೆಡ್ಡಿನವನು ಅಲ್ಲೇ ಉಳಿದ. ನನ್ನ ಕೆಲಸವೂ ಉಳಿಯಿತು.

ಆದರೆ ಆ ಸಂಜೆ ಅಕ್ಕ ನನ್ನ ಮುಂದೆ ಕೈ ಚಾಚಿದರು. “ಕೀಲಿ ಕೊಡು ತಂಗಿ.”

ಪಿನ್ನು ಸಮೇತ ಕೊಟ್ಟೆ. ಬಸ್ಸಿನಲ್ಲಿ ಅರ್ಧ ದಾರಿ ಹೋದ ಮೇಲೆ ಹೊಳೆಯಿತು, ಅವರು ನನ್ನನ್ನು ಮೇಡಂ ಎನ್ನಲಿಲ್ಲ. ಅಲ್ಲಿಂದ ಮುಂದೆ ಎಂದೂ ಅನ್ನಲಿಲ್ಲ. ಕೀಲಿ ಕಿತ್ತುಕೊಂಡವರು ಅದೇ ಉಸಿರಿನಲ್ಲಿ ತಂಗಿ ಎಂದಿದ್ದರು. ಇದು ಶಿಕ್ಷೆಯೋ ಪ್ರೀತಿಯೋ ಆ ರಾತ್ರಿ ತಿಳಿಯಲಿಲ್ಲ.

ಮೂರನೇ ಪ್ರಯೋಗಕ್ಕೆ ಪುಡಿಯನ್ನು ನಾವಿಬ್ಬರೇ ಹೊತ್ತುಕೊಂಡು ಫಾರ್ಮಿಗೆ ಹೋದೆವು. ಈ ಸಲ ಅಕ್ಕನ ಮಾತಿನ ಮೇಲೆ, ಒಣಗಿಸುವ ಮೊದಲು ಬ್ಯಾಕ್ಟೀರಿಯಾಕ್ಕೆ ಸ್ವಲ್ಪ ಹುಳಿ ತಾಗಿಸಿದ್ದೆವು. ಸಾಯುವಷ್ಟಲ್ಲ, ರಕ್ಷಣೆಯ ಜೀನುಗಳು ಎಚ್ಚರಗೊಳ್ಳುವಷ್ಟು. “ಮುಂದ ಹುಳಿ ಐತಿ ಅಂತ ಒಂದ್ ಮಾತ ಹೇಳಿ ಕಳಸೂಣು,” ಎಂದಿದ್ದರು. ಶೆಡ್ಡಿನ ಬಾಗಿಲಲ್ಲಿ ಆ ಯಾದಗಿರಿಯವನು ಕೈ ಕಟ್ಟಿಕೊಂಡು ನಿಂತಿದ್ದ. “ನಾ ನೀರಿಗಿ ಏನೂ ಹಾಕಿರಲಿಲ್ರಿ ಅಕ್ಕಾರ,” ಎಂದ. ಪಾಪ, ಎಷ್ಟು ಜನರಿಗೆ ಹಾಗೆ ಹೇಳಿದ್ದನೋ.

“ಗೊತ್ತೈತೋ ತಮ್ಮಾ. ಇಕಿ ಬರದ ಕೊಟ್ಟಾಳ,” ಎಂದು ಅಕ್ಕ ನನ್ನ ಕಡೆ ತೋರಿಸಿದರು. ಅವನು ನನಗೆ ಕೈ ಮುಗಿದ. ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ಅವನ ಹೆಂಡತಿ ಚಹಾ ಮಾಡಿಕೊಟ್ಟಳು. ಅಕ್ಕ ಎರಡು ಲೋಟ ಕುಡಿದರು.

ಹತ್ತನೇ ದಿನದ ಹಿಕ್ಕೆಯ ಪ್ಲೇಟುಗಳನ್ನು ತೆಗೆಯುವ ಬೆಳಗ್ಗೆ ಲ್ಯಾಬಿನಲ್ಲಿ ಯಾರೂ ಕಾಫಿ ಕುಡಿಯಲಿಲ್ಲ. ಅಕ್ಕನ ತುಟಿ ಅಲುಗುತ್ತಿತ್ತು, ಪೆನ್ನು ಚುಕ್ಕೆಯಿಂದ ಚುಕ್ಕೆಗೆ ಹೋಗುತ್ತಿತ್ತು. ಎಣಿಸಿದರು, ಎಣಿಸಿದರು, ಎಣಿಸುತ್ತಲೇ ಇದ್ದರು. ಮಾಲೀಕರು ಬಾಗಿಲಲ್ಲಿ ಕೇಳುವುದನ್ನೂ ಮರೆತು ನಿಂತಿದ್ದರು. ಕೊನೆಗೆ ಅಕ್ಕ ಪೆನ್ನಿಗೆ ಟೋಪಿ ಹಾಕಿ ನನ್ನ ಮುಖ ನೋಡಿದರು.

“ಕೂತಾವ,” ಎಂದರು.

ಅವರ ಬೀಳ್ಕೊಡುಗೆಯ ದಿನ ನಾನು ಒಂದು ಭಾಷಣ ಬರೆದುಕೊಂಡು ಹೋಗಿದ್ದೆ. ಕಷ್ಟ ಕಂಡ ಬ್ಯಾಕ್ಟೀರಿಯಾ ಮಾತ್ರ ಹೊಟ್ಟೆಯಲ್ಲಿ ನೆಲೆ ನಿಲ್ಲುತ್ತದೆ, ಹಾಗೆಯೇ ಕಷ್ಟ ಕಂಡ ಮನುಷ್ಯರು ಬದುಕಿನಲ್ಲಿ ಎಂದು ಶುರು ಮಾಡಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಕೂತಲ್ಲಿಂದಲೇ ತಡೆದರು. “ಏ ತಂಗಿ, ಬ್ಯಾಕ್ಟೀರಿಯಾಕ್ಕ ನೀತಿಪಾಠ ಹಚ್ಚಬ್ಯಾಡ. ತ್ರಾಸ ಹೆಚ್ಚಾದ್ರ ಅದೂ ಸಾಯತೈತಿ, ಮನಷ್ಯಾನೂ ಸಾಯತಾನ. ಕುಂದರ ಇನ್ನ, ಹೋಳಿಗಿ ಆರಾಕತ್ತಾವ.” ಎಲ್ಲರೂ ನಕ್ಕರು, ನಾನೂ ಕೂತೆ. ಆ ಭಾಷಣ ಇನ್ನೂ ನನ್ನ ಚೀಲದಲ್ಲಿದೆ. ಅವರು ಹೇಳಿದ್ದೇ ವಿಜ್ಞಾನ, ನಾನು ಬರೆದದ್ದು ಬರೀ ಅಲಂಕಾರ.

ಆದರೆ ನಾನು ಅವರನ್ನು ನೆನೆಯುವುದು ಆ ದಿನದಿಂದಲ್ಲ. ಅದಕ್ಕೆ ಎರಡು ವಾರ ಮುಂಚೆ ನಡೆದದ್ದರಿಂದ. ಆ ತಪ್ಪಿನ ನಂತರ ನಾಲ್ಕು ವರ್ಷ ಅವರು ಕೀಲಿಯನ್ನು ನನ್ನ ಕೈಗೆ ಕೊಟ್ಟಿರಲಿಲ್ಲ. ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ದಿನವೂ ಕೊಡುತ್ತಿದ್ದರು. ನನ್ನ ಮದುವೆಗೆ ಮೂರು ದಿನ ಮುಂಚೆಯೇ ಬಂದು ನಿಂತರು. ಆದರೆ ಸೋಮವಾರ ಮಾತ್ರ, ಜ್ವರ ಬಂದಿದ್ದರೂ ಆಟೋ ಮಾಡಿಕೊಂಡು ಬಂದು, ತಾವೇ ಫ್ರೀಜರು ತೆರೆದು, ಬೀಗ ಹಾಕಿ ಹೋಗುತ್ತಿದ್ದರು. ನನ್ನನ್ನು ಕ್ಷಮಿಸಿದ್ದಾರೆ, ಆದರೆ ನಂಬುವುದಿಲ್ಲ ಎಂದು ನಾನು ಒಳಗೊಳಗೇ ಒಪ್ಪಿಕೊಂಡುಬಿಟ್ಟಿದ್ದೆ.

ಪುಡಿ ಕೊಳ್ಳುವ ಕಂಪನಿಯಿಂದ ಆ ದಿನ ತಪಾಸಣೆಗೆ ಒಬ್ಬರು ಬಂದಿದ್ದರು. ವೈಟ್‌ಫೀಲ್ಡ್ ಆಫೀಸಿನ ಅಧಿಕಾರಿ, ಕೈಯಲ್ಲಿ ಟ್ಯಾಬು, ಮುಖದಲ್ಲಿ ಅವಸರ. ಎಲ್ಲ ನೋಡಿ ಮುಗಿಸಿ ಅಕ್ಕನನ್ನು ಕೇಳಿದರು. “ನೀವು ರಿಟೈರ್ ಆದ್ಮೇಲೆ ಮದರ್ ಕಲ್ಚರ್ ರೆಸ್ಪಾನ್ಸಿಬಿಲಿಟಿ ಯಾರದ್ದು ಮೇಡಂ? ಒಂದು ಹೆಸರು ಬೇಕು ನಂಗೆ.”

ಮಾಲೀಕರು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು, ಕಪಾಟಿನಿಂದ ಹಳೆಯ ರಿಜಿಸ್ಟರು ತಂದು, ಹುಡುಕದೆಯೇ ಒಂದು ಪುಟ ತೆರೆದು ಅವರ ಮುಂದೆ ಇಟ್ಟರು. ಸಹಿಯ ಬಾಲ ಹರಡಿಕೊಂಡಿದ್ದ ಪುಟ.

“ಈ ಪುಟ ಬರದಾಕಿ,” ಎಂದು ನನ್ನ ಕಡೆ ಕೈ ಮಾಡಿದರು.

ಅಧಿಕಾರಿ ಓದಿದರು. ಹುಬ್ಬು ಮೇಲೆ ಹೋಯಿತು. “ಆದ್ರೆ ಮೇಡಂ, ಈ ತಪ್ಪು ಮಾಡಿದ್ದೂ ಇವ್ರೇ ಅಲ್ವಾ?”

“ತಪ್ಪ ಎಲ್ಲಾರೂ ಮಾಡ್ತಾರ್ರಿ. ಮೂವತ್ತ ವರ್ಷದಾಗ ನಾ ಭಾಳ ಮಂದೀನ ನೋಡೀನಿ,” ಎಂದರು ಅಕ್ಕ. “ಬರದಾಕಿ ಇಕಿ ಒಬ್ಬಾಕಿನ. ಉಳದ ಪುಟ ಎಲ್ಲಾ ಖರೇ ಅಂತ ನೀವು ನಂಬೂದಿದ್ರ, ಈ ಪುಟದಿಂದ ನಂಬ್ರಿ.”

ಅಧಿಕಾರಿ ಟ್ಯಾಬಿನಲ್ಲಿ ನನ್ನ ಹೆಸರು ಬರೆದುಕೊಂಡರು. ನಾನು ಗೋಡೆಯ ಕಡೆ ತಿರುಗಿ ನಿಂತೆ, ಕಣ್ಣು ಒರೆಸಿಕೊಳ್ಳುವುದನ್ನು ಯಾರೂ ನೋಡಬಾರದೆಂದು. ನಾಲ್ಕು ವರ್ಷ ನಾನು ಯಾವ ಪುಟವನ್ನು ಮರೆಯಲು ಹೆಣಗಿದ್ದೆನೋ, ಅದನ್ನೇ ಅವರು ನನ್ನ ಅರ್ಹತಾ ಪತ್ರವೆಂದು ಕಾಯ್ದಿಟ್ಟಿದ್ದರು.

ಅವರೆಲ್ಲ ಕೆಳಗಿಳಿದು ಹೋದ ಮೇಲೆ ಅಕ್ಕ ಸೆರಗಿನಿಂದ ಪಿನ್ನು ಬಿಚ್ಚಿದರು. ಕೀಲಿ ಸಮೇತ ಅದನ್ನು ನನ್ನ ದುಪಟ್ಟಾಕ್ಕೆ ಸಿಕ್ಕಿಸುತ್ತಾ, ಪಿನ್ನಿನಿಂದ ಕಣ್ಣು ತೆಗೆಯದೆ ಕೇಳಿದರು.

“ಸೋಮವಾರ ಯಾವತ್ತ ಬರತೈತಿ ತಂಗಿ?”

“ಸೋಮವಾರಾನೇ ಬರುತ್ತೆ ಅಕ್ಕಾ, ಒಂದು ವಾರಾನೂ ತಪ್ಪಲ್ಲ,” ಎಂದೆ.